ಎರಡನೇ ನಂಬರಿನ ದನಿ

ಸಂಸತ್ತಿನ ಸಭಾಂಗಣದಲ್ಲಿ, ಪ್ರೇಕ್ಷಕರ ಗ್ಯಾಲರಿಗೂ ಸೂರಿಗೂ ನಡುವಿನ ಗೋಡೆಯಲ್ಲಿ ಹುದುಗಿಸಿದ ಗಾಜಿನ ಗೂಡೊಂದಿತ್ತು. ಒಳಗೆ ಎರಡು ಕುರ್ಚಿ, ಎರಡು ಮೈಕು, ಒಂದು ಹೂಜಿ ನೀರು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನ ಮೆತ್ತೆ ಸವೆದು ಒಳಗಿನ ಹತ್ತಿ ಇಣುಕುತ್ತಿತ್ತು. ಹೊಸದು ಬೇಕೆಂದು ಕೊಟ್ಟ ಅರ್ಜಿ ಯಾವ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ. ಪುಟ್ಟಿ ತನ್ನ ವಯಸ್ಸಿನ ಒಳ್ಳೆಯ ವರ್ಷಗಳನ್ನೆಲ್ಲ ಆ ಗೂಡಿನಲ್ಲಿ ಕೂತು ಕಳೆದಳು. ಅವಳು ದುಭಾಷಿ. ಕೆಳಗೆ ಯಾರೋ ಎದ್ದು ನಿಂತು ಒಂದು ಭಾಷೆಯಲ್ಲಿ ಮಾತಾಡಿದರೆ, ಅವರ ವಾಕ್ಯ ಮುಗಿಯುವ ಮೊದಲೇ ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಸದಸ್ಯರ ಮೇಜಿನ ಗುಂಡಿಯನ್ನು ಎರಡನೇ ನಂಬರಿಗೆ ತಿರುಗಿಸಿದರೆ ಕೇಳುತ್ತಿದ್ದದ್ದು ಅವಳ ದನಿ. ರೇಡಿಯೋದ ಎರಡನೇ ವಾಹಿನಿಯಲ್ಲಿ ಮನೆಮನೆಗೆ ಹೋಗುತ್ತಿದ್ದದ್ದೂ ಅದೇ ದನಿ.

ನಲವತ್ತು ದಾಟಿದ್ದರೂ ಅವಳು ಮನೆಯಲ್ಲಿ ಪುಟ್ಟಿಯೇ. ಮದುವೆಯಾಗಿರಲಿಲ್ಲ. ಗಂಡಿನ ಕಡೆಯವರು ಬಂದಾಗಲೆಲ್ಲ ಅಧಿವೇಶನ ನಡೆಯುತ್ತಿತ್ತು, ಹುಡುಗಿಗೆ ಮಂತ್ರಿಯಾಗಿ ಮಾತಾಡುವುದರಿಂದ ಬಿಡುವಿರಲಿಲ್ಲ ಎನ್ನುವುದು ಚಿಕ್ಕಮ್ಮನ ಹಳೆಯ ತಮಾಷೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮೂವರು: ಅಪ್ಪ, ಪುಟ್ಟಿ, ಗಂಡನನ್ನು ಕಳೆದುಕೊಂಡು ಇವರ ಜೊತೆಗೇ ಬಂದು ನಿಂತ ಅಮ್ಮನ ತಂಗಿ.

ಪುಟ್ಟಿ ಈ ವಿದ್ಯೆ ಕಲಿತದ್ದು ಕಾಲೇಜಿನಲ್ಲಲ್ಲ, ಅಡುಗೆಮನೆಯಲ್ಲಿ. ಅಪ್ಪ ನದಿಯ ಆಚೆ ದಡದವನು, ಅಮ್ಮ ಈಚೆ ದಡದವಳು. ಎರಡು ದಡಕ್ಕೂ ಬೇರೆ ಬೇರೆ ಭಾಷೆ. ಅಪ್ಪ ವ್ಯಾಪಾರದ ಸಲುವಾಗಿ ಹರಕುಮುರುಕಾಗಿ ಈಚೆಯದನ್ನು ಕಲಿತ. ಅಮ್ಮ ಆಚೆಯದನ್ನು ಕಲಿಯಲಿಲ್ಲ, ಅಪ್ಪನ ತಾಯಿ ಈಚೆಯದನ್ನು ಕಲಿಯಲು ಒಪ್ಪಲಿಲ್ಲ. ಅತ್ತೆ ಸೊಸೆ ನಡುವೆ ಪುಟ್ಟಿ ಓಡಾಡಬೇಕಾಗಿತ್ತು. "ಇವಳು ಮಾಡಿದ ಅಡುಗೆ ನಾಯಿನೂ ಮೂಸಲ್ಲ ಅಂತ ಹೇಳು ನಿಮ್ಮಮ್ಮಂಗೆ" ಎಂದು ಅಜ್ಜಿ ಅಂದರೆ, ಆರು ವರ್ಷದ ಪುಟ್ಟಿ ಒಳಗೆ ಹೋಗಿ ಅಜ್ಜಿಗೆ ಯಾಕೋ ಇವತ್ತು ಹಸಿವಿಲ್ಲವಂತೆ ಎನ್ನುತ್ತಿದ್ದಳು. ಅಮ್ಮ ಉರಿದುಕೊಂಡು ಏನೋ ಅಂದರೆ, ಅದು ಅಜ್ಜಿಯ ಹತ್ತಿರ ಬರುವಷ್ಟರಲ್ಲಿ ಸೊಂಟನೋವಿನ ವಿಚಾರಣೆಯಾಗಿರುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಸಾಯುವ ತನಕ ಒಬ್ಬರನ್ನೊಬ್ಬರು ಒಳ್ಳೆಯವಳೆಂದೇ ತಿಳಿದಿದ್ದರು.

ಗಾಜಿನ ಗೂಡಿಗೆ ಬಂದಾಗ ಅವಳು ಮೊದಲು ಮರೆಯಬೇಕಾದದ್ದು ಆ ಅಭ್ಯಾಸವನ್ನೇ. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯರು ಗಂಟಲು ಕೆಡಬಾರದೆಂದು ಸದಾ ಬಾಯಲ್ಲಿ ಒಣಶುಂಠಿ ಇಟ್ಟುಕೊಂಡಿರುತ್ತಿದ್ದರು. ಎಲ್ಲರೂ ಅವರನ್ನು ಶುಂಠಿ ಮಾಮ ಎನ್ನುತ್ತಿದ್ದರು. ಮೊದಲ ವಾರ ಪುಟ್ಟಿ ಒಬ್ಬ ಸದಸ್ಯರ ಬೈಗುಳವನ್ನು ತುಸು ಮೆತ್ತಗೆ ಮಾಡಿ ದಾಟಿಸಿದಾಗ, ಶುಂಠಿ ಮಾಮ ಮೈಕು ಮುಚ್ಚಿ ಅವಳ ಕಡೆ ತಿರುಗಿದರು.

"ಇಲ್ಲಿ ಸಕ್ಕರೆ ಹಾಕೋ ಹಾಗಿಲ್ಲ ಕಣಮ್ಮ. ಅವರು ಕಹಿ ಕೊಟ್ರೆ ಕಹಿ, ಸುಳ್ಳು ಕೊಟ್ರೆ ಸುಳ್ಳು. ನಾವು ನಲ್ಲಿ. ಬಾವಿ ಅಲ್ಲ."

ಇನ್ನೊಂದು ನಿಯಮವನ್ನೂ ಅವರೇ ಹೇಳಿಕೊಟ್ಟರು. ಮಂತ್ರಿ 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು. 'ಮಂತ್ರಿಗಳು ಹೀಗೆ ಹೇಳುತ್ತಿದ್ದಾರೆ' ಎಂದು ಪಕ್ಕಕ್ಕೆ ಸರಿದು ನಿಲ್ಲುವಂತಿಲ್ಲ. ಹಾಗಾಗಿ ಪುಟ್ಟಿ ದಿನಕ್ಕೆ ನಾಲ್ಕಾರು ಜನರಾಗುತ್ತಿದ್ದಳು. ಬೆಳಿಗ್ಗೆ ರಸ್ತೆಗೆ ಹಣ ಕೊಟ್ಟವಳು, ಮಧ್ಯಾಹ್ನ ಅದೇ ಹಣ ಎಲ್ಲಿ ಹೋಯಿತೆಂದು ಮೇಜು ಕುಟ್ಟುತ್ತಿದ್ದಳು.

ಅಪ್ಪ ಬೋರ್ಡು ಬರೆಯುವವನು. ಅಂಗಡಿಗಳ ಹೆಸರು, ಲಾರಿಗಳ ನಂಬರು, ಸರ್ಕಾರಿ ಗೋಡೆಗಳ ಮೇಲೆ ಇಲ್ಲಿ ಉಗುಳಬಾರದು, ಇಲ್ಲಿ ವಾಹನ ನಿಲ್ಲಿಸಬಾರದು. ಹುಡುಗನಾಗಿದ್ದಾಗ ಸುಣ್ಣ ಬಳಿಯುವ ಕೆಲಸಕ್ಕೆ ಹೋಗಿ, ಕುದಿಯುವ ಸುಣ್ಣ ಸಿಡಿದು ಎಡಗಣ್ಣು ಹೋಗಿತ್ತು. ಅದರ ಬಗ್ಗೆ ಅವನಿಗೆ ದುಃಖವೇನೂ ಇರಲಿಲ್ಲ. ಒಂದೇ ಕಣ್ಣಿದ್ದರೆ ಗೆರೆ ನೆಟ್ಟಗೆ ಬರುತ್ತದೆ, ಗುರಿ ಇಡುವವನು ಇನ್ನೊಂದು ಕಣ್ಣು ಮುಚ್ಚಿಕೊಳ್ಳುವುದು ಮತ್ತೇಕೆ ಎಂದು ಗಿರಾಕಿಗಳನ್ನೇ ಕೇಳುತ್ತಿದ್ದ. ಅವನ ಶೆಡ್ಡಿನಲ್ಲಿ ಬಣ್ಣದ ಡಬ್ಬಿಗಳ ನಡುವೆ ಒಂದು ರೇಡಿಯೋ. ಅಧಿವೇಶನ ಶುರುವಾದರೆ ಅದು ಎರಡನೇ ವಾಹಿನಿಯಿಂದ ಅಲುಗುತ್ತಿರಲಿಲ್ಲ. ರಾಜಕೀಯ ಅವನಿಗೆ ಬೇಕಿರಲಿಲ್ಲ. ಮಗಳು ತನ್ನ ಊರಿನ, ಆಚೆ ದಡದ ಭಾಷೆಯಲ್ಲಿ ಮಾತಾಡುವುದನ್ನು ಕೇಳುತ್ತ ಕುಂಚ ಆಡಿಸುವುದೇ ಸುಖ. ಸಂಜೆ ಅವಳು ಬಂದರೆ ಕಾಲೆಳೆಯುತ್ತಿದ್ದ. "ಮಧ್ಯಾಹ್ನ ತೆರಿಗೆ ಏರಿಸಿದ್ಯಲ್ಲೇ, ಟರ್ಪೆಂಟೈನ್ ರೇಟ್ ಎಷ್ಟಾಯ್ತು ಗೊತ್ತಾ ನಿಂಗೆ? ಮನೇಲಿ ಒಂದು ಮಾತು ಕೇಳ್ಬಾರ್ದಾ?"

ಅರವತ್ತೈದರ ಆಸುಪಾಸಿನಲ್ಲಿ ಉಳಿದ ಕಣ್ಣಿಗೆ ಪೊರೆ ಬಂತು. ಮೊದಲು ದೀಪಗಳ ಸುತ್ತ ಬಳೆ ಕಂಡವು. ಆಮೇಲೆ ಬೇಕರಿಯವನ ಬೋರ್ಡಿನಲ್ಲಿ ಕೊನೆಯ ಎರಡು ಅಕ್ಷರ ಜಾಗ ಸಾಲದೆ ಒಂದರ ಮೇಲೊಂದು ಕೂತವು. ಬೇಕರಿಯವನು ಒಳ್ಳೆಯ ಮನುಷ್ಯ, ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಪ್ಲಾಸ್ಟಿಕ್ ಬೋರ್ಡು ತಂದು ಹಾಕಿದ.

ಆ ವರ್ಷದ ಬಜೆಟ್ ಅಧಿವೇಶನದಲ್ಲಿ ಆರೋಗ್ಯ ಮಂತ್ರಿಗಳು ಸರ್ಕಾರಿ ಆಸ್ಪತ್ರೆಯ ಹೊಸ ಕಣ್ಣಿನ ವಿಭಾಗದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಇಷ್ಟು ಖರ್ಚು ಮಾಡಿದ್ದೇವೆ, ವಿದೇಶದಿಂದ ಯಂತ್ರ ತರಿಸಿದ್ದೇವೆ, ನನ್ನ ಹೆತ್ತ ತಾಯಿಯ ಕಣ್ಣನ್ನು ಅಲ್ಲಿಯ ವೈದ್ಯರ ಕೈಗೆ ಒಪ್ಪಿಸಲು ನಾನು ಹಿಂದೆ ಮುಂದೆ ನೋಡುವುದಿಲ್ಲ ಎಂದರು. ಆ ಮಾತು ಬಂದದ್ದು ಪುಟ್ಟಿಯ ಪಾಳಿಯಲ್ಲಿ. ಒಳ್ಳೆಯ ಮಾತನ್ನು ಒಳ್ಳೆಯ ದನಿಯಲ್ಲಿ ಹೇಳಿದವರಿಗೆ ಅದು ತಮ್ಮದೇ ಅನ್ನಿಸುತ್ತದೆ.

ಅಪ್ಪ ಹಿಂಜರಿದ. ಇರುವುದೇ ಒಂದು, ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಹೇಗೆ, ಇದ್ದಷ್ಟು ಬೆಳಕಿನಲ್ಲೇ ಕಾಲ ತಳ್ಳುತ್ತೇನೆ ಎಂದ. ಚಿಕ್ಕಮ್ಮನೂ ಅವನ ಕಡೆಗೇ. ಪುಟ್ಟಿ ಬಿಡಲಿಲ್ಲ. "ಅಪ್ಪ, ನೀನೇ ರೇಡಿಯೋದಲ್ಲಿ ಕೇಳಿದ್ಯಲ್ಲ. ಹೇಳಿದ್ದು ನಾನೇ ಅಲ್ವಾ" ಎಂದಳು. ಅದು ಅರ್ಧ ತಮಾಷೆ. ಅಪ್ಪ ಮಾತ್ರ ಆ ಮಾತಿಗೇ ಒಪ್ಪಿದ.

ಶಸ್ತ್ರಚಿಕಿತ್ಸೆ ಒಂದು ಬೆಳಿಗ್ಗೆ ಮುಗಿಯಿತು. ಕಣ್ಣಿಗೆ ಪಟ್ಟಿ ಕಟ್ಟಿ ವಾರ್ಡಿನಲ್ಲಿ ಮಲಗಿಸಿದರು. ಅದೇ ದಿನ ಆದವರೆಲ್ಲ ಸಾಲಾಗಿ ಮಲಗಿದ್ದರು, ಎಲ್ಲ ಅಪ್ಪನ ವಯಸ್ಸಿನವರೇ. ಜೊತೆಗೆ ಬಂದವರಿಗೆ ಒಳಗೆ ಕೂರಲು ಬಿಡುತ್ತಿರಲಿಲ್ಲ. ಹೊರಗಿನ ಓಣಿಯಲ್ಲಿ ಗೋಡೆಗೆ ಒರಗಿಸಿದ ದೊಡ್ಡ ಮರದ ಪೆಟ್ಟಿಗೆಯೊಂದಿತ್ತು, ಮೊಳೆ ಹೊಡೆದದ್ದು ಹೊಡೆದ ಹಾಗೇ. ಬೆಂಚಿಲ್ಲದ್ದರಿಂದ ಎಲ್ಲರೂ ಅದರ ಮೇಲೆಯೇ ಕೂರುತ್ತಿದ್ದರು. ಪುಟ್ಟಿ ಅಲ್ಲೇ ಕೂತು ಬುತ್ತಿ ಬಿಚ್ಚಿ ತಿಂದಳು, ಅಲ್ಲೇ ಒರಗಿ ತೂಕಡಿಸಿದಳು. ನರ್ಸುಗಳು ಒದ್ದೆ ಏಪ್ರನ್ನುಗಳನ್ನು ಅದರ ಅಂಚಿಗೆ ಒಣಗಹಾಕುತ್ತಿದ್ದರು.

ಮರುದಿನ ಸಂಜೆ ಅಪ್ಪ ಕಣ್ಣೊಳಗೆ ಮರಳು ಹಾಕಿದ ಹಾಗಿದೆ ಎಂದ. ಪಕ್ಕದ ಹಾಸಿಗೆಯವನೂ ಹಾಗೇ ಅಂದ, ಅದರಾಚೆಯವನೂ. ಅದರ ಮರುದಿನ ನೋವು ತಲೆಗೇರಿ ಅಪ್ಪ ಮಂಚದ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮಲಗಿದ್ದ. ಎಳೆಯ ವಯಸ್ಸಿನ ವೈದ್ಯನೊಬ್ಬ ಪಟ್ಟಿ ಬಿಚ್ಚಿ ಟಾರ್ಚು ಹಾಕಿ ನೋಡಿ, ದೊಡ್ಡ ಡಾಕ್ಟರನ್ನು ಕರೆತರಲು ಹೋದ. ಸೋಂಕು, ಒಮ್ಮೊಮ್ಮೆ ಹೀಗಾಗುತ್ತದೆ ಎಂದರು ಅವರು. ವಾರ ಮುಗಿಯುವುದರೊಳಗೆ ಕಣ್ಣನ್ನೇ ತೆಗೆಯಬೇಕಾಯಿತು. ಆ ವಾರ್ಡಿನಲ್ಲಿ ಹನ್ನೊಂದು ಜನರಿಗೆ ಹಾಗಾಯಿತು.

ಮನೆಗೆ ಬಂದ ಮೇಲೆ ಅಪ್ಪ ಕಿಟಕಿಯ ಹತ್ತಿರದ ಕುರ್ಚಿ ಹಿಡಿದ. ಕಿಟಕಿಯ ಹತ್ತಿರ ಯಾಕೆಂದು ಯಾರೂ ಕೇಳಲಿಲ್ಲ. ಶೆಡ್ಡು ಖಾಲಿ ಮಾಡಿದರು, ರೇಡಿಯೋ ಮನೆಗೆ ಬಂತು. ಅವನು ಪುಟ್ಟಿಯನ್ನು ಒಂದು ಮಾತು ಅನ್ನಲಿಲ್ಲ. ಹಣೆಬರಹ ಎಂದೂ ಅನ್ನಲಿಲ್ಲ. ಮೊದಲಿನ ಹಾಗೆಯೇ ಸಂಜೆ ಅವಳ ಕಾಲೆಳೆಯಲು ನೋಡುತ್ತಿದ್ದ, ಆದರೆ ಮುಖವನ್ನು ಅವಳು ನಿಂತ ಕಡೆಗಲ್ಲದೆ ಒಂದು ಮೊಳ ಆಚೆಗೆ ತಿರುಗಿಸಿ ಮಾತಾಡುತ್ತಿದ್ದ. ಪುಟ್ಟಿ ಸದ್ದಿಲ್ಲದೆ ಆ ಒಂದು ಮೊಳ ಸರಿದು ನಿಲ್ಲುತ್ತಿದ್ದಳು.

ವರ್ಷ ಕಳೆದ ಮೇಲೆ ಲೆಕ್ಕಪರಿಶೋಧಕರ ವರದಿ ಸಂಸತ್ತಿನ ಮುಂದೆ ಬಂತು. ಸರ್ಕಾರ ಖರ್ಚು ಮಾಡಿದ್ದನ್ನು ಬೇರೆಯವರು ತಪಾಸಣೆ ಮಾಡಿ ಬರೆಯುವ ವರದಿ ಅದು. ವರ್ಷವರ್ಷವೂ ಬರುತ್ತದೆ, ಎಲ್ಲರೂ ಒಂದು ದಿನ ಕೂಗಾಡುತ್ತಾರೆ, ಕಪಾಟು ಸೇರುತ್ತದೆ. ಈ ಸಲ ಅದರಲ್ಲಿ ಕಣ್ಣಿನ ವಿಭಾಗದ ಬಗ್ಗೆ ಒಂದು ಅಧ್ಯಾಯ ಇತ್ತು. ಶಸ್ತ್ರಚಿಕಿತ್ಸೆಯಲ್ಲಿ ಕಣ್ಣು ತೊಳೆಯುವ ದ್ರಾವಣವನ್ನು ಪರೀಕ್ಷೆ ಮಾಡಿಸದೆ ಕೊಂಡಿದ್ದರು. ಉಪಕರಣಗಳನ್ನು ಶುದ್ಧಿ ಮಾಡುವ ವಿದೇಶಿ ಯಂತ್ರ ಬಂದಿತ್ತು, ಹಣವೂ ಸಂದಿತ್ತು, ಕಾಗದದ ಮೇಲೆ ಅದು ದಿನಾ ಕೆಲಸ ಮಾಡುತ್ತಿತ್ತು. ಆದರೆ ಅದನ್ನು ಇಡಬೇಕಾದ ಕೋಣೆಗೆ ವಿದ್ಯುತ್ ತಂತಿ ಎಳೆಯದ ಕಾರಣ ಯಂತ್ರ ಬಂದ ಮರದ ಪೆಟ್ಟಿಗೆ ಬಿಚ್ಚದೆ ವಾರ್ಡಿನ ಹೊರಗೆ ಓಣಿಯಲ್ಲೇ ಬಿದ್ದಿತ್ತು.

ಪುಟ್ಟಿ ಆ ಪುಟವನ್ನು ಕ್ಯಾಂಟೀನಿನಲ್ಲಿ ಓದಿದಳು. ಚರ್ಚೆಗೆ ಮುಂಚೆ ಕಷ್ಟದ ಪದಗಳನ್ನು ನೋಡಿಕೊಳ್ಳಲು ದುಭಾಷಿಗಳಿಗೆ ಒಂದು ಪ್ರತಿ ಕೊಡುತ್ತಿದ್ದರು. ಓದಿ ಮುಗಿಸಿ, ಮುಂದಿದ್ದ ತಟ್ಟೆಯನ್ನು ಮುಟ್ಟದೆ ಎದ್ದಳು. ತಾನು ಯಾವುದರ ಮೇಲೆ ಕೂತು ತಿಂದಿದ್ದೆ ಎಂದು ಶುಂಠಿ ಮಾಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಚರ್ಚೆಯ ದಿನ ಶುಂಠಿ ಮಾಮ, ನಾನೇ ಪೂರ್ತಿ ನೋಡಿಕೊಳ್ಳುತ್ತೇನೆ, ನೀನು ಮನೆಗೆ ಹೋಗು ಎಂದರು. ಅವಳು ಒಪ್ಪಲಿಲ್ಲ. ವಿಷಯ ಎತ್ತುವವರು ವಿರೋಧ ಪಕ್ಷದ ಒಬ್ಬ ಹಿರಿಯ ಸದಸ್ಯರು, ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. ಎಲ್ಲ ಪಕ್ಷದವರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೇಷ್ಟ್ರ ಮಾತನ್ನು ತನ್ನ ಬಾಯಿಂದ ಹೇಳಬೇಕು, ಅಪ್ಪ ಅದನ್ನು ಕೇಳಬೇಕು ಎಂಬುದು ಅವಳ ಆಸೆ. ಬೆಳಿಗ್ಗೆ ಹೊರಡುವಾಗ ರೇಡಿಯೋ ಹಾಕಿಕೊಂಡಿರು ಎಂದು ಅಪ್ಪನಿಗೆ ಹೇಳಿಯೇ ಬಂದಿದ್ದಳು.

ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಕೂಗಲಿಲ್ಲ. ದ್ರಾವಣದ ಬಗ್ಗೆ ಹೇಳಿದರು, ಪೆಟ್ಟಿಗೆಯ ಬಗ್ಗೆ ಹೇಳಿದರು, ಈ ಹನ್ನೊಂದು ಜನ ಈಗ ಹೇಗಿದ್ದಾರೆಂದು ಯಾರಾದರೂ ಹೋಗಿ ನೋಡಿದ್ದೀರಾ ಎಂದು ಕೇಳಿದರು. ಪುಟ್ಟಿ ಒಂದು ಅಕ್ಷರ ಬೀಳದ ಹಾಗೆ ಎಲ್ಲವನ್ನೂ ಆಚೆ ದಡದ ಭಾಷೆಗೆ ದಾಟಿಸಿದಳು. ಆದರೆ ಅವರಿಗೆ ಕೊಟ್ಟಿದ್ದ ಸಮಯ ಕಡಿಮೆ. ಪಾಳಿ ಬದಲಾಗುವ ಮೊದಲೇ ಅವರು ಕೂತರು, ಆರೋಗ್ಯ ಮಂತ್ರಿಗಳು ಎದ್ದರು. ಶುಂಠಿ ಮಾಮ ಅವಳ ಮೈಕಿನ ಕಡೆ ಕೈ ಚಾಚಿದರು. ನಡುವೆ ದನಿ ಬದಲಾದರೆ ಕೇಳುವವರಿಗೆ ಗೊತ್ತಾಗುತ್ತದೆ, ಬೇಡವೆಂದು ಅವಳು ತಲೆಯಾಡಿಸಿದಳು. ಅದು ಅಭ್ಯಾಸಬಲ.

ಮಂತ್ರಿಗಳು ಶಾಂತವಾಗಿ ಮಾತಾಡಿದರು. ಪುಟ್ಟಿಯೂ ಶಾಂತವಾಗಿ ಮಾತಾಡಿದಳು.

"ಮಾನ್ಯ ಅಧ್ಯಕ್ಷರೇ, ನಾನು ಖುದ್ದು ವಿಚಾರಣೆ ಮಾಡಿಸಿದ್ದೇನೆ. ಇವರೆಲ್ಲ ವಯಸ್ಸಾದವರು. ಹೆಚ್ಚಿನವರಿಗೆ ತಿಳಿವಳಿಕೆ ಇಲ್ಲ. ಬೇಡವೆಂದು ಹೇಳಿದರೂ ಪಟ್ಟಿ ಸಡಿಲಿಸಿ ಕೊಳಕು ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದಾರೆ. ಅದಕ್ಕೆ ಸರ್ಕಾರದ ಬೊಕ್ಕಸ ಏನು ಮಾಡಬೇಕು?"

ಆಡಳಿತ ಪಕ್ಷದ ಸಾಲಿನಲ್ಲಿ ಯಾರೋ ನಕ್ಕರು. ವಾಕ್ಯಗಳು ಬಂದ ವೇಗದಲ್ಲಿಯೇ ಅವಳ ಬಾಯಿಂದ ಹೊರಟುಹೋಗಿದ್ದವು. ಕೊನೆಯ ಪ್ರಶ್ನೆಯ ಏರುದನಿಯನ್ನೂ ಅವಳು ಮಂತ್ರಿಗಳದ್ದರ ಹಾಗೇ ಏರಿಸಿದ್ದಳು. ಮೈಕು ಮುಚ್ಚಿದ ಮೇಲಷ್ಟೇ ತಾನು ಏನು ಹೇಳಿದೆ ಎಂಬುದು ಅವಳ ಕಿವಿಗೆ ಬಿತ್ತು.

ಅಪ್ಪ ಅದನ್ನು ಹೇಗೆ ಕೇಳಿದ ಎಂದು ಆಮೇಲೆ ಚಿಕ್ಕಮ್ಮ ಹೇಳಿದಳು. ಮೇಷ್ಟ್ರ ಭಾಷಣದಷ್ಟು ಹೊತ್ತೂ ಅವನು ಬೆನ್ನು ನೆಟ್ಟಗೆ ಮಾಡಿ ಕೂತು, ಎಷ್ಟು ಚೆನ್ನಾಗಿ ಹೇಳ್ತಾಳೆ ನೋಡು ಎನ್ನುತ್ತಿದ್ದನಂತೆ. ಮಂತ್ರಿಗಳ ಮಾತು ಮುಗಿದ ಮೇಲೆ ತಡಕಿ ತಡಕಿ ರೇಡಿಯೋ ಆರಿಸಿದ. ಆಮೇಲೆ ಕೈ ತೊಳೆಯಲು ನೀರು ಕೇಳಿದ.

ಸಂಜೆ ಪುಟ್ಟಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅವನು ಕೇಳಿದ.

"ಪುಟ್ಟಿ, ನಾನು ಕಣ್ಣು ಮುಟ್ಕೊಂಡ್ನಾ?"

"ಇಲ್ಲಪ್ಪ. ಅದು ಮಂತ್ರಿ ಹೇಳಿದ್ದು. ನಾನು ಹೇಳಿದ್ದಲ್ಲ."

"ಗೊತ್ತು, ನಂಗೇನು ಅಷ್ಟೂ ತಿಳಿಯಲ್ವಾ." ಅವನು ಅಂಗೈಗಳನ್ನು ಒಂದಕ್ಕೊಂದು ತಿಕ್ಕಿದ. "ಆದ್ರೆ ಎರಡನೇ ದಿನ ಕೆರೆತ ಇತ್ತು. ನಿದ್ದೆಗಣ್ಣಲ್ಲಿ ಪಟ್ಟಿ ಮೇಲೆ ಕೈ ಹೋಗಿತ್ತೇನೋ. ಬಣ್ಣದ ಕೈ ಪುಟ್ಟಿ ಇದು. ಉಗುರೊಳಗೆ ಇರೋದು ಎಷ್ಟು ತಿಕ್ಕಿದ್ರೂ ಹೋಗ್ತಿರ್ಲಿಲ್ಲ. ನಿಮ್ಮಮ್ಮ ಊಟಕ್ಕೆ ಕೂತಾಗೆಲ್ಲ ಬಯ್ಯೋಳು."

ಅವಳು ವರದಿಯಲ್ಲಿದ್ದದ್ದನ್ನು ವಿವರಿಸಿದಳು. ಹನ್ನೊಂದು ಜನರೂ ಒಟ್ಟಿಗೆ ಕಣ್ಣು ಉಜ್ಜಿಕೊಳ್ಳುತ್ತಾರಾ ಎಂದು ಕೇಳಿದಳು. ಅವನು ಎಲ್ಲಕ್ಕೂ ಹೂಂ ಎಂದ. ಆದರೆ ವರ್ಷವಿಡೀ ಅವನ ತಲೆಯಲ್ಲಿಲ್ಲದ ಒಂದು ಸಂಗತಿ ಈಗ ಅಲ್ಲಿ ಮನೆ ಮಾಡಿತ್ತು, ಅದೂ ಮಗಳ ದನಿಯಲ್ಲಿ. ಮಂತ್ರಿಗಳ ದನಿ ಹೇಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಅಂದಿನಿಂದ ಅವನು ಕೈ ತೊಳೆಯುವುದು ಶುರುವಾಯಿತು. ಊಟಕ್ಕೆ ಮುಂಚೆ, ಊಟ ಆದ ಮೇಲೆ, ಬಾಗಿಲು ಮುಟ್ಟಿದರೆ, ರೇಡಿಯೋ ಮುಟ್ಟಿದರೆ. ಸೋಪು ಹಾಕಿ, ಉಗುರಿನ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಾಕಿ ತಿಕ್ಕುತ್ತಿದ್ದ. ಚಿಕ್ಕಮ್ಮ ಮೊದಮೊದಲು, ಭಾವ, ನಲ್ಲಿಗೂ ಸ್ವಲ್ಪ ರಜಾ ಕೊಡಿ ಎಂದು ನಗಿಸಲು ನೋಡಿದಳು. ಚಳಿಗಾಲ ಬರುವಷ್ಟರಲ್ಲಿ ಬೆರಳ ಗೆಣ್ಣುಗಳು ಒಡೆದು ರಕ್ತ ಕಾಣಿಸಿತು, ಆಮೇಲೆ ಅವಳೂ ನಗಿಸುವುದನ್ನು ಬಿಟ್ಟಳು. ಪುಟ್ಟಿ ದಿನಾ ಸಂಜೆ ಅವನ ಕೈಗೆ ಮುಲಾಮು ಹಚ್ಚುತ್ತಿದ್ದಳು. ಹಚ್ಚಿ ಏಳುವುದೇ ತಡ, ಕೈ ಜಿಡ್ಡಾಯಿತೆಂದು ಅವನು ಮತ್ತೆ ನೀರು ಕೇಳುತ್ತಿದ್ದ.

ಸಿಬ್ಬಂದಿಯವರು ಸದನದ ಸದಸ್ಯರನ್ನು ಮಾತಾಡಿಸುವ ಹಾಗಿರಲಿಲ್ಲ. ಆದರೂ ಪುಟ್ಟಿ ಒಂದು ದಿನ ಮೆಟ್ಟಿಲ ಬಳಿ ಮೇಷ್ಟ್ರನ್ನು ತಡೆದು ನಿಲ್ಲಿಸಿ ತಾನು ಯಾರು, ತನ್ನ ಅಪ್ಪ ಯಾರು ಎಂದು ಹೇಳಿದಳು. ಮೇಷ್ಟ್ರು ಬಹಳ ಹೊತ್ತು ಅವಳ ಮುಖ ನೋಡಿದರು. ಅಷ್ಟು ವರ್ಷ ತಮ್ಮ ಮಾತನ್ನು ದಾಟಿಸಿದ ದನಿಗೆ ಒಂದು ಮುಖ ಇದೆಯೆಂದು ಅವರಿಗೆ ಹೊಳೆದೇ ಇರಲಿಲ್ಲ. ಮುಂದಿನ ಭಾನುವಾರ ಅವರು ಮನೆಗೇ ಬಂದರು. ಅಪ್ಪನ ಪಕ್ಕ ಕೂತು, ತಪ್ಪು ನಿಮ್ಮದಲ್ಲ, ನಾನು ಎಲ್ಲ ಕಾಗದ ಓದಿದ್ದೇನೆ ಎಂದರು. ಪುಟ್ಟಿಯೇ ಅದನ್ನೂ ಅಪ್ಪನ ಭಾಷೆಯಲ್ಲಿ ಹೇಳಿದಳು, ಅವನಿಗೆ ಚೆನ್ನಾಗಿ ಮುಟ್ಟಲೆಂದು. ಅಪ್ಪ ಕೈಜೋಡಿಸಿ, ದೊಡ್ಡವರು ಇಷ್ಟು ದೂರ ಬಂದಿರಿ ಎಂದು ಉಪಚಾರ ಮಾಡಿದ. ಅವರು ಹೋದ ಮೇಲೆ, "ಒಳ್ಳೇ ಮನುಷ್ಯ. ಮನೆಗೆ ಬಂದು ಸಮಾಧಾನ ಹೇಳಿ ಹೋದ್ರು. ಸಭೇಲಿ ಹೇಳೋದೇ ಬೇರೆ ಅಲ್ವಾ" ಎಂದ.

ಸಭೆಯಲ್ಲಿ ಹೇಳುವ ಕಾಲ ಬಂದದ್ದು ಇನ್ನೊಂದು ವರ್ಷದ ನಂತರ. ಗಲಾಟೆ ತಣ್ಣಗಾಗಲೆಂದು ವಿಷಯವನ್ನು ಒಂದು ಸಮಿತಿಗೆ ಒಪ್ಪಿಸಿದ್ದರು. ಸಮಿತಿಯ ವರದಿ ಬಜೆಟ್ಟಿನ ಗದ್ದಲದ ನಡುವೆ ಸದ್ದಿಲ್ಲದೆ ಬಂದು ಕೂತಿತು. ಅದರ ಒಳಗಡೆ ಎಲ್ಲೋ ಒಂದು ವಾಕ್ಯವಿತ್ತು: ರೋಗಿಗಳ ನಿರ್ಲಕ್ಷ್ಯದಿಂದ ಸೋಂಕು ಉಂಟಾಯಿತೆಂಬ ಇಲಾಖೆಯ ಹೇಳಿಕೆಗೆ ಯಾವ ಆಧಾರವೂ ಇಲ್ಲ. ವರದಿಯನ್ನು ಮೇಜಿನ ಮೇಲಿಟ್ಟರೆ ಓದಿದಂತೆಯೇ ಲೆಕ್ಕ. ಯಾರೂ ಗಟ್ಟಿಯಾಗಿ ಓದುವುದಿಲ್ಲ. ಯಾರೂ ಓದದಿದ್ದರೆ ದುಭಾಷಿಯೂ ಹೇಳುವಂತಿಲ್ಲ. ಪುಟ್ಟಿ ಮತ್ತೆ ಮೇಷ್ಟ್ರ ಹತ್ತಿರ ಹೋದಳು. ಆ ವಾಕ್ಯವೊಂದನ್ನು ನೀವು ಎದ್ದು ನಿಂತು ಹೇಳಬೇಕು ಎಂದಳು.

ಅವರು ಪ್ರಯತ್ನ ಮಾಡುತ್ತೇನೆ ಎಂದರು. ಭರವಸೆ ಕೊಡಲಿಲ್ಲ. ಇಲಾಖೆಗಳ ಖರ್ಚಿಗೆ ಒಪ್ಪಿಗೆ ಪಡೆಯುವ ಕೊನೆಯ ದಿನ ಅದು. ಗೊತ್ತಾದ ಗಂಟೆ ಹೊಡೆದ ಕೂಡಲೇ ಚರ್ಚೆ ಎಲ್ಲಿದ್ದರೂ ನಿಲ್ಲಿಸಿ, ಉಳಿದ ಇಲಾಖೆಗಳ ಖರ್ಚನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವುದು ಅಲ್ಲಿನ ಪದ್ಧತಿ. ಮಧ್ಯಾಹ್ನವೆಲ್ಲ ಬೇರೆ ಬೇರೆ ವಿಷಯಗಳಿಗೆ ಹೋಯಿತು. ಮೇಷ್ಟ್ರ ಹೆಸರು ಕರೆದಾಗ ಗಂಟೆ ಹೊಡೆಯಲು ಒಂದೆರಡು ನಿಮಿಷವಿತ್ತು. ಪುಟ್ಟಿ ತನ್ನ ಪಾಳಿಯಲ್ಲದಿದ್ದರೂ ಮೈಕಿನ ಮುಂದೆ ಕೂತಳು. ಶುಂಠಿ ಮಾಮ ತಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು.

ಮೇಷ್ಟ್ರಿಗೆ ವಯಸ್ಸಾಗಿತ್ತು. ಕನ್ನಡಕ ಹುಡುಕಿದರು, ಪುಟ ಹುಡುಕಿದರು. ಅಧ್ಯಕ್ಷರನ್ನು ಸಂಬೋಧಿಸಿ, ಆಸ್ಪತ್ರೆಯ ವಿಷಯಕ್ಕೆ ಬಂದು, ಸಮಿತಿ ಸ್ಪಷ್ಟವಾಗಿ ಹೇಳಿದೆ ಎಂದರು. ಪುಟ್ಟಿ, ಸಮಿತಿ ಸ್ಪಷ್ಟವಾಗಿ ಹೇಳಿದೆ ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಧ್ಯಕ್ಷರು ಕೈಯೆತ್ತಿದರು. ಮೇಷ್ಟ್ರ ಮೈಕಿನ ಕೆಂಪು ದೀಪ ಆರಿತು.

ಹೆಡ್‌ಫೋನಿನಲ್ಲಿ ಏನೂ ಇಲ್ಲ. ದನಿ ನಿಂತರೆ ದುಭಾಷಿಯೂ ನಿಲ್ಲಬೇಕು. ಆದರೆ ಗಾಜಿನಾಚೆ ಮೇಷ್ಟ್ರು ಇನ್ನೂ ನಿಂತಿದ್ದರು, ಕಾಗದವನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದರು, ಅವರ ತುಟಿ ಆಡುತ್ತಿತ್ತು. ಪುಟ್ಟಿಯ ಮೈಕಿನ ದೀಪ ಆರಿರಲಿಲ್ಲ. ಅವಳು ಹೇಳಿದಳು.

"ರೋಗಿಗಳು ಯಾವ ತಪ್ಪೂ ಮಾಡಿಲ್ಲ. ಅವರು ಕಣ್ಣು ಮುಟ್ಟಿಕೊಳ್ಳಲಿಲ್ಲ. ಅವರ ಕೈ ಕೊಳಕಾಗಿರಲಿಲ್ಲ."

ಮೊದಲನೆಯದು ಹೆಚ್ಚುಕಡಿಮೆ ವರದಿಯ ವಾಕ್ಯ. ಉಳಿದೆರಡು ಯಾವ ವರದಿಯಲ್ಲೂ ಇರಲಿಲ್ಲ. ಕೆಳಗೆ ಆಗಲೇ ಮತಕ್ಕೆ ಹಾಕುತ್ತಿದ್ದರು. ಹೌದು ಎಂಬ ಕೂಗಿನಲ್ಲಿ ಆರೋಗ್ಯ ಇಲಾಖೆಯ ಮುಂದಿನ ವರ್ಷದ ಖರ್ಚು ಇತರ ಇಲಾಖೆಗಳ ಜೊತೆ ಮಂಜೂರಾಯಿತು. ಶುಂಠಿ ಮಾಮ ಮೆಲ್ಲಗೆ ಅವಳ ಮೈಕು ಮುಚ್ಚಿ, ಜೇಬಿನಿಂದ ಒಂದು ಚೂರು ಶುಂಠಿ ತೆಗೆದು ಅವಳ ಮುಂದಿಟ್ಟರು.

ಅಂದು ಅವಳು ಬಸ್ಸಿಗೆ ಕಾಯದೆ ಆಟೋ ಮಾಡಿಕೊಂಡು ಮನೆಗೆ ಹೋದಳು. ಅಪ್ಪ ಕಿಟಕಿಯ ಬಳಿಯೇ ಇದ್ದ. ರೇಡಿಯೋ ಹಾಡು ಹೇಳುತ್ತಿತ್ತು.

"ಕೇಳಿದ್ಯಾ ಅಪ್ಪ?"

"ಕೇಳ್ದೆ." ಅವನ ಮುಖದಲ್ಲಿ ಒಂದು ಥರದ ಮೆದುತನವಿತ್ತು. "ಆ ಮೇಷ್ಟ್ರು ಎಲ್ಲೋ ಅರ್ಧಕ್ಕೇ ನಿಲ್ಲಿಸಿದ್ರು, ಅಲ್ವಾ?"

ಅವಳು ಚೀಲ ಕೆಳಗಿಟ್ಟಳು.

"ಇಷ್ಟು ವರ್ಷ ಕೇಳಿದ್ದೀನಿ. ನೀನು ಬೇರೆಯವರ ಮಾತು ಹೇಳುವಾಗ ಒಂದು ದನಿ. ಕೊನೇಲಿ ಬಂದಿದ್ದು ಆ ದನಿ ಅಲ್ಲ. ಅದು ನನ್ ಮಗಳು ಹೇಳಿದ್ದು." ಅವನು ಕೈಚಾಚಿ ತಡಕಿದ, ಅವಳು ಹತ್ತಿರ ಹೋದಳು, ಅವಳ ತಲೆ ಸಿಕ್ಕಿತು. "ಮಗಳು ಹಾಗೇ ಹೇಳ್ತಾಳೆ ಬಿಡು. ಇನ್ನೇನು ಹೇಳ್ತಾಳೆ."

ಆಮೇಲೆ ಎದ್ದು ಗೋಡೆ ಹಿಡಿದುಕೊಂಡು ಬಚ್ಚಲ ಕಡೆ ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಪುಟ್ಟಿ ಅವನು ಕೂತಿದ್ದ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟಳು. ಚಿಕ್ಕಮ್ಮ ಬಂದು ದೀಪ ಹಾಕುವ ತನಕ ಏಳಲಿಲ್ಲ.

ನೋಟಿಸು ಬರಲು ತಡವಾಗಲಿಲ್ಲ. ಕಡತಕ್ಕೆ ಹೋಗದ ಮಾತನ್ನು ಪ್ರಸಾರ ಮಾಡಿದ್ದು, ಸದನದ ಘನತೆಗೆ ಧಕ್ಕೆ. ವಿಚಾರಣೆಯಲ್ಲಿ ಶುಂಠಿ ಮಾಮ, ಮೇಷ್ಟ್ರ ದನಿ ನನಗೂ ಹೆಡ್‌ಫೋನಿನಲ್ಲಿ ಕೇಳಿಸಿತು ಎಂದು ಮುಖ ನೋಡಿ ಸುಳ್ಳು ಹೇಳಿದರು. ಧ್ವನಿಮುದ್ರಣ ಹಾಕಿ ಕೇಳಿದರು. ಅದರಲ್ಲಿ ಕೆಳಗಿನಿಂದ ಮೌನ, ಮೇಲಿನಿಂದ ಪುಟ್ಟಿ. ಶುಂಠಿ ಮಾಮನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಮೇಷ್ಟ್ರು, ನಾನು ಮಾತಾಡುತ್ತಲೇ ಇದ್ದೆ, ನೀವು ಮೈಕು ಆರಿಸಿದಿರಿ ಎಂದು ಬರೆದುಕೊಟ್ಟರು. ಮೈಕು ಆರಿದ ಮೇಲೆ ಆಡಿದ್ದು ಮಾತೇ ಅಲ್ಲ ಎಂದು ಉತ್ತರ ಬಂತು. ಪುಟ್ಟಿಯನ್ನು ಕೆಲಸದಿಂದ ತೆಗೆದರು. ದ್ರಾವಣ ಕೊಂಡವರು, ಪೆಟ್ಟಿಗೆ ಬಿಚ್ಚದೆ ಯಂತ್ರ ನಡೆಯುತ್ತಿದೆ ಎಂದು ರುಜು ಹಾಕಿದವರು ಇದ್ದಲ್ಲೇ ಇದ್ದರು. ಮಂತ್ರಿಗಳಿಗೆ ಇನ್ನೂ ದೊಡ್ಡ ಖಾತೆ ಸಿಕ್ಕಿತು. ಆ ಇಡೀ ಪ್ರಕರಣದಲ್ಲಿ ಶಿಕ್ಷೆಯಾದದ್ದು ಅವಳೊಬ್ಬಳಿಗೇ ಎಂದು ಕ್ಯಾಂಟೀನಿನಲ್ಲಿ ಸ್ವಲ್ಪ ದಿನ ಆಡಿಕೊಂಡರು, ಆಮೇಲೆ ಬೇರೆ ವಿಷಯ ಸಿಕ್ಕಿತು.

ಕೆಲಸ ಹೋದದ್ದನ್ನು ಅಪ್ಪನಿಗೆ ಹೇಳಲಿಲ್ಲ. ಗಂಟಲಿಗೆ ತೊಂದರೆಯಾಗಿದೆ, ಬರೆಯುವ ವಿಭಾಗಕ್ಕೆ ಹಾಕಿದ್ದಾರೆ ಎಂದಳು. ಅವನು ಕೆಲವು ದಿನ ಎರಡನೇ ವಾಹಿನಿ ಹಾಕಿ ಹೊಸ ದನಿಯನ್ನು ಕೇಳಿದ. ಈ ಹುಡುಗಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿಲ್ಲ ಎಂದು ತಪ್ಪು ಹಿಡಿದ, ಆಮೇಲೆ ಹಾಕುವುದನ್ನೇ ಬಿಟ್ಟ. ಆ ಚಳಿಗಾಲದಲ್ಲಿ ಒಡೆದ ಬೆರಳೊಂದಕ್ಕೆ ನಂಜಾಗಿ ಜ್ವರ ಹಿಡಿಯಿತು, ಎದೆ ಕಟ್ಟಿತು. ಸರ್ಕಾರಿ ಆಸ್ಪತ್ರೆ ಬೇಡವೆಂದ. ಬೇರೆ ಕಡೆ ಸೇರಿಸಿದರು, ಉಳಿಯಲಿಲ್ಲ. ಕೊನೆಯ ದಿನಗಳಲ್ಲಿ ಜ್ವರದ ಮಂಪರಿನಲ್ಲಿ ಆಚೆ ದಡದ ಊರುಗಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಗಾಳಿಯಲ್ಲಿ ಬರೆಯುತ್ತಿದ್ದ.

ಪುಟ್ಟಿಗೆ ಈಗ ನ್ಯಾಯಾಲಯದಲ್ಲಿ ದಿನಗೂಲಿಯ ಮೇಲೆ ಕೆಲಸ. ಗಂಡ ಹೆಂಡಿರ ಜಗಳ, ಬಾಡಿಗೆಯ ತಕರಾರು, ಆಚೆ ದಡದಿಂದ ಬಂದು ಭಾಷೆ ಬಾರದೆ ಸಿಕ್ಕಿಬಿದ್ದವರು. ಅಲ್ಲಿಯೂ 'ನಾನು' ಎಂದೇ ಹೇಳಬೇಕು. ಹೇಳುತ್ತಾಳೆ.

ಕಳೆದ ವರ್ಷ ಚಿಕ್ಕಮ್ಮನಿಗೂ ಪೊರೆ ಬಂತು. ಹೊರಗೆ ಮಾಡಿಸುವ ಶಕ್ತಿ ಉಳಿದಿರಲಿಲ್ಲ. ಅಪ್ಪನ ಕೊನೆಯ ದಿನಗಳ ಆಸ್ಪತ್ರೆ ಇದ್ದದ್ದನ್ನೆಲ್ಲ ತಿಂದಿತ್ತು. ಅದೇ ಕಣ್ಣಿನ ವಿಭಾಗಕ್ಕೆ ಹೋಗಬೇಕಾಯಿತು. ಪುಟ್ಟಿ ಈ ಸಲ ಚಿಕ್ಕಮ್ಮನಿಗೆ ಏನೂ ಹೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಸಿ ಹೊರಗೆ ಕರೆತಂದಾಗ ಚಿಕ್ಕಮ್ಮ ಎರಡು ಕೈಗಳನ್ನೂ ತೊಡೆಯ ಕೆಳಗೆ ತೂರಿಸಿಕೊಂಡು ಕೂತಳು. ಕೆರೆದರೂ ತೆಗೆಯಲಿಲ್ಲ, ಮೂಗಿನ ಮೇಲೆ ನೊಣ ಕೂತರೂ ತೆಗೆಯಲಿಲ್ಲ. ಮನೆಗೆ ಬಂದ ಮೇಲೂ ಪಟ್ಟಿ ಬಿಚ್ಚುವ ತನಕ ಹಾಗೆಯೇ ಕೂರುತ್ತಿದ್ದಳು, ಪುಟ್ಟಿ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಮಲಗುವಾಗ ಮಣಿಕಟ್ಟುಗಳನ್ನು ಸೀರೆಯ ಅಂಚಿನಿಂದ ಮಂಚದ ಕಂಬಿಗೆ ಕಟ್ಟು ಎಂದು ಅವಳೇ ಕೇಳಿದಳು. ಪುಟ್ಟಿ ಬೇಡವೆಂದಳು. ಚಿಕ್ಕಮ್ಮ ಅತ್ತುಬಿಟ್ಟಾಳೆಂದು ಹೆದರಿ, ಕಣ್ಣೀರು ತಾಗಬಾರದೆಂದು, ಕೊನೆಗೆ ಕಟ್ಟಿದಳು.

ಕಣ್ಣು ಬಂತು. ಪಟ್ಟಿ ತೆಗೆದ ದಿನ ಚಿಕ್ಕಮ್ಮ ಪುಟ್ಟಿಯನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿ ನೋಡಿದಳು. "ನಿನ್ ತಲೆ ಇಷ್ಟು ಬೆಳ್ಳಗಾಗಿದ್ದು ಯಾವಾಗ್ಲೇ?" ಎಂದು ಕೇಳಿದಳು. ಪುಟ್ಟಿ, ಬಹಳ ದಿನ ಆಯಿತು ಎಂದು ಹೇಳಿ, ಕೋರ್ಟಿಗೆ ಹೊತ್ತಾಯಿತೆಂದು ಚಪ್ಪಲಿ ಹಾಕಿಕೊಂಡಳು.